ಅಕ್ಷರ ನುಂಗುವವರು

ಸ್ಪೇನ್ ಎಂದರೆ ಏನು ನೆನಪಾಗುತ್ತದೆ ಎಂದು ನಾನು ಒಂಬತ್ತನೆಯ ತರಗತಿಯ ಮಕ್ಕಳನ್ನು ಆಗಾಗ ಕೇಳುವುದುಂಟು. ಗಂಡು ಹುಡುಗರು ಫುಟ್‌ಬಾಲ್ ಎನ್ನುತ್ತಾರೆ. ಹೆಣ್ಣುಮಕ್ಕಳಲ್ಲಿ ಯಾರಾದರೊಬ್ಬಳು ಎದ್ದು, ಗಿಟಾರಿಗೆ ತಕ್ಕಂತೆ ನೆರಿಗೆ ಲಂಗ ಬೀಸಿ ಹಿಮ್ಮಡಿಯಿಂದ ನೆಲ ಕುಟ್ಟಿ ಕುಣಿಯುವ ಹೆಂಗಸರನ್ನು ವರ್ಣಿಸುತ್ತಾಳೆ. ಆ ಕುಣಿತ ಫ್ಲಮೆಂಕೊ. 2010ರಲ್ಲಿ ಯುನೆಸ್ಕೊ ಅದನ್ನು ಮನುಕುಲದ ಪರಂಪರೆಯ ಪಟ್ಟಿಗೆ ಸೇರಿಸಿತು. ಅದರ ತವರು ಮುಖ್ಯವಾಗಿ ದಕ್ಷಿಣದ ಆಂಡಲೂಸಿಯಾ ಪ್ರಾಂತ. ಪರದೇಶದವರ ಕಣ್ಣಿಗೆ ಸ್ಪೇನಿನ ಮುಖವೆಂದರೆ ಈ ಆಂಡಲೂಸಿಯಾವೇ.

ವಿಚಿತ್ರ ನೋಡಿ, ಸ್ಪೇನಿನ ಒಳಗೆ ಅದೇ ಆಂಡಲೂಸಿಯಾದ ಹೆಂಗಸು ಬಾಯಿ ತೆರೆದು ಎರಡು ಮಾತಾಡಿದರೆ ಉತ್ತರದವರ ತುಟಿಯಂಚಿನಲ್ಲಿ ಒಂದು ಸಣ್ಣ ನಗು ಸುಳಿಯುತ್ತದೆ. ಹಾಡಿದರೆ ಚಪ್ಪಾಳೆ, ಮಾತಾಡಿದರೆ ನಗು. ಈ ನಗುವಿನ ಬಗ್ಗೆಯೇ ನಾನು ಕೆಲವು ತಿಂಗಳಿಂದ ಯೋಚಿಸುತ್ತಿದ್ದೇನೆ. ಅದು ಬೈಗುಳವಲ್ಲ, ಹೊಡೆತವಲ್ಲ. ಯಾವ ಪೊಲೀಸ್ ಠಾಣೆಯಲ್ಲೂ ಅದರ ಮೇಲೆ ದೂರು ಕೊಡಲಾಗದು. ನಗುವವರು ಕೆಟ್ಟವರೇನೂ ಅಲ್ಲ, ಎಷ್ಟೋ ಸಲ ಪ್ರೀತಿಯಿಂದಲೇ ನಗುತ್ತಾರೆ. ಹಾಗಿದ್ದ ಮೇಲೆ ಅದರಲ್ಲಿ ತಪ್ಪೇನಾದರೂ ಇದೆಯೇ?

ಈ ಯೋಚನೆ ಹಚ್ಚಿದವಳು ನನ್ನ ತಂಗಿಯ ಮಗಳು. ಬೆಂಗಳೂರಿನಲ್ಲಿ ಎರಡು ವರ್ಷ ಸ್ಪ್ಯಾನಿಷ್ ಕಲಿತು, ಪರೀಕ್ಷೆ ಪಾಸು ಮಾಡಿಕೊಂಡು, ಮುಂದಿನ ಓದಿಗೆಂದು ಆಂಡಲೂಸಿಯಾದ ಗ್ರನಾಡಾ ಎಂಬ ಊರಿಗೆ ಹೋದಳು. ವಾರ ತುಂಬುವ ಮೊದಲೇ ಫೋನು. “ದೊಡ್ಡವ್ವಾ, ನಾ ಕಲ್ತದ್ದ ಬ್ಯಾರೆ, ಇಲ್ಲಿ ಮಂದಿ ಮಾತಾಡೋದ ಬ್ಯಾರೆ. ಅರ್ಧ ಅಕ್ಷರ ನುಂಗೇ ಬಿಡ್ತಾರ ಇವರು” ಎಂದು ಅಳುದನಿ. ಅವಳು ಬಾಡಿಗೆಗೆ ಹಿಡಿದದ್ದು ಎಪ್ಪತ್ತು ದಾಟಿದ ಒಬ್ಬ ವಿಧವೆಯ ಮನೆಯ ಒಂದು ಕೋಣೆ. ಆ ಮುದುಕಿ ಮೊದಲ ದಿನವೇ ಇವಳ ಮುಖ ನೋಡಿ ಹೇಳಿದಳಂತೆ: ನಾವು ಇಲ್ಲಿ ಕೆಟ್ಟದಾಗಿ ಮಾತಾಡುವವರು, ಬೇಸರ ಮಾಡಿಕೊಳ್ಳಬೇಡ ಮಗಳೇ, ಒಳ್ಳೆಯ ಸ್ಪ್ಯಾನಿಷ್ ಬೇಕಿದ್ದರೆ ನೀನು ವಲ್ಲಾಡೊಲಿಡ್‌ಗೆ ಹೋಗಬೇಕಿತ್ತು, ಅಂತ. ವಲ್ಲಾಡೊಲಿಡ್ ಎಂಬುದು ಉತ್ತರದ ಒಂದು ಪಟ್ಟಣ. ಶುದ್ಧ ಸ್ಪ್ಯಾನಿಷ್ ಆಡುವ ಊರು ಎಂದು ಅದಕ್ಕೆ ಹೆಸರು.

ಒಬ್ಬ ಹೆಂಗಸು ತನ್ನ ಸ್ವಂತ ಮನೆಯಲ್ಲಿ, ತನ್ನ ಹುಟ್ಟೂರಲ್ಲಿ ಕೂತು, ತನ್ನ ಬಾಯಿಯ ಮಾತಿಗಾಗಿ ಪರದೇಶದ ಹುಡುಗಿಯ ಹತ್ತಿರ ಕ್ಷಮೆ ಕೇಳುವುದೆಂದರೆ! ನನಗೆ ಆ ರಾತ್ರಿ ಬಹಳ ಹೊತ್ತು ನಿದ್ದೆ ಬರಲಿಲ್ಲ. ಆ ಮುದುಕಿಗೆ ಯಾರೂ ಶಿಕ್ಷೆ ಕೊಟ್ಟಿರಲಿಕ್ಕಿಲ್ಲ. ಸುಮ್ಮನೆ ನಕ್ಕಿರುತ್ತಾರೆ, ಅಷ್ಟೆ, ಎಪ್ಪತ್ತು ವರ್ಷ.

ಏನಿದು ಅಕ್ಷರ ನುಂಗುವುದು? ಹುಡುಗಿ ಹೇಳಿದ್ದನ್ನೂ ನಾನು ಓದಿಕೊಂಡದ್ದನ್ನೂ ಸೇರಿಸಿ ಹೇಳುತ್ತೇನೆ. ಸ್ಪ್ಯಾನಿಷ್‌ನಲ್ಲಿ ‘ಕಾಸಾ’ ಎಂದರೆ ಮನೆ. ಬೇಟೆಗೂ ಹೆಚ್ಚುಕಡಿಮೆ ಅದೇ ಶಬ್ದ, ಆದರೆ ನಡುವಿನ ಅಕ್ಷರವನ್ನು ಮ್ಯಾಡ್ರಿಡ್ ಮತ್ತು ಉತ್ತರದವರು ನಾಲಿಗೆಯ ತುದಿಯನ್ನು ಹಲ್ಲುಗಳ ನಡುವೆ ಇಟ್ಟು, ಇಂಗ್ಲಿಷಿನ ‘ಥಿಂಕ್’ ಶಬ್ದದ ಮೊದಲ ಸದ್ದಿನಂತೆ ನುಡಿಯುತ್ತಾರೆ. ಸೆವಿಲ್ ನಗರದಲ್ಲಿ ಎರಡಕ್ಕೂ ‘ಸ’ ಒಂದೇ. ಅಲ್ಲಿಂದ ಕರಾವಳಿಯ ಕಡೆಯ ಎಷ್ಟೋ ಹಳ್ಳಿಗಳಲ್ಲಿ ತದ್ವಿರುದ್ಧ, ಎರಡಕ್ಕೂ ಆ ಹಲ್ಲಿನ ನಡುವಿನ ಸದ್ದೇ. ಇನ್ನು ಶಬ್ದದ ಕೊನೆಯ ‘ಸ್’ ಆಂಡಲೂಸಿಯಾದ ಬಹುಭಾಗದಲ್ಲಿ ಬರೀ ಉಸಿರಾಗಿ ಹೋಗುತ್ತದೆ, ಇಲ್ಲವೇ ಬಿದ್ದೇ ಹೋಗುತ್ತದೆ. ಸ್ಪ್ಯಾನಿಷ್‌ನಲ್ಲಿ ಬಹುವಚನದ ಗುರುತೇ ಕೊನೆಯ ಈ ‘ಸ್’. ಅದು ಹೋದರೆ ಒಂದು ಮಗುವೋ ಹತ್ತು ಮಕ್ಕಳೋ ತಿಳಿಯುವುದು ಹೇಗೆ? ಅದಕ್ಕೇ ನೋಡಿ, ಇವರಿಗೆ ವ್ಯಾಕರಣವೇ ಇಲ್ಲ ಎಂದು ನಗುವವರಿಗೆ ಒಂದು ಕಾರಣವೂ ಸಿಕ್ಕಿತು.

ಆದರೆ ಗ್ರನಾಡಾ ಕಡೆಯ ಮಾತನ್ನು ಕಿವಿಗೊಟ್ಟು ಕೇಳಿದ ಭಾಷಾಪಂಡಿತರು 1930ರ ದಶಕದಲ್ಲೇ ಒಂದು ಸಂಗತಿಯನ್ನು ಬರೆದಿಟ್ಟರು. ಅಲ್ಲಿಯವರು ‘ಸ್’ ಬಿಟ್ಟಾಗ ಅದರ ಹಿಂದಿನ ಸ್ವರವನ್ನು ಬಾಯಿ ಅಗಲಿಸಿ ಆಡುತ್ತಾರೆ. ಏಕವಚನದಲ್ಲಿ ಬಾಯಿ ಚಿಕ್ಕದು, ಬಹುವಚನದಲ್ಲಿ ಅಗಲ. ಅಂದರೆ ‘ಸ್’ ಹೋಯಿತೇ ಹೊರತು ಬಹುವಚನ ಹೋಗಿಲ್ಲ, ಅದು ಬೇರೆ ಕಡೆ ಮನೆ ಮಾಡಿಕೊಂಡಿದೆ. ಅಲ್ಲಿಯ ಎರಡು ವರ್ಷದ ಕೂಸಿಗೂ ಅದು ಕೇಳಿಸುತ್ತದೆ. ಕೇಳಿಸದೇ ಇರುವುದು ಹೊರಗಿನಿಂದ ಬಂದು ನಗುವವರಿಗೆ. ದೋಷ ಬಾಯಲ್ಲಿರಲಿಲ್ಲ, ಕಿವಿಯಲ್ಲಿತ್ತು.

ಇನ್ನೂ ಒಂದು ಮಜಾ ಇದೆ. ಶಬ್ದದ ಕೊನೆಗೆ ‘ಆದೊ’ ಬಂದರೆ ನಡುವಿನ ‘ದ’ವನ್ನು ಬಿಟ್ಟು ‘ಆಒ’ ಎನ್ನುವ ರೂಢಿ ಮ್ಯಾಡ್ರಿಡ್‌ನಲ್ಲೂ ಇದೆ. ಓದಿದವರೂ ಹಾಗೆಯೇ ಆಡುತ್ತಾರೆ. ಅದೂ ಅಕ್ಷರ ನುಂಗುವುದೇ ತಾನೇ? ಅದಕ್ಕೆ ಯಾರೂ ನಗುವುದಿಲ್ಲ. ರಾಜಧಾನಿಯವರು ನುಂಗಿದರೆ ಸರಾಗ, ದಕ್ಷಿಣದವರು ನುಂಗಿದರೆ ಅಸಂಸ್ಕೃತಿ! ಆಲೂಗೆಡ್ಡೆಯ ಕಥೆ ಕೇಳಿ. ಮ್ಯಾಡ್ರಿಡ್‌ನಲ್ಲಿ ಅದು ‘ಪತಾತಾ’. ಆಂಡಲೂಸಿಯಾದಲ್ಲಿ, ಆಫ್ರಿಕಾದ ಮಗ್ಗುಲಿಗಿರುವ ಸ್ಪೇನಿನದೇ ಕೆನರಿ ದ್ವೀಪಗಳಲ್ಲಿ ‘ಪಾಪಾ’. ಹಳ್ಳಿ ಶಬ್ದವೆನಿಸುವ ಈ ‘ಪಾಪಾ’ವೇ ಗಡ್ಡೆಯ ತವರಾದ ದಕ್ಷಿಣ ಅಮೆರಿಕದ ಕೆಚುವಾ ಭಾಷೆಯ ಮೂಲ ಹೆಸರು. ‘ಪತಾತಾ’ ಎಂಬುದು ಅದನ್ನು ಗೆಣಸಿನ ಹೆಸರಾದ ‘ಬತಾತಾ’ದ ಜೊತೆ ಕಲಸಿ ಹುಟ್ಟಿದ್ದು. ಅದೇ ‘ಬತಾತಾ’ ಪೋರ್ಚುಗೀಸರ ಹಡಗು ಹತ್ತಿ ಬಂದು ನಮ್ಮ ಅಡಿಗೆಮನೆಯಲ್ಲಿ ಬಟಾಟೆಯಾಗಿ ಕೂತಿದೆ. ಶುದ್ಧ ಯಾವುದು, ಅಶುದ್ಧ ಯಾವುದು ಎಂದು ಬೇರು ಅಗೆಯಲು ಹೋದರೆ ಹೀಗೆ ಗಡ್ಡೆಯೇ ಕೈಗೆ ಬರುತ್ತದೆ.

ಲೆಕ್ಕದಿಂದ ನೋಡಿದರೂ ಅಷ್ಟೆ. ಸ್ಪ್ಯಾನಿಷ್ ಮಾತೃಭಾಷೆಯಾಗಿರುವವರು ಜಗತ್ತಿನಲ್ಲಿ ಸುಮಾರು 50 ಕೋಟಿ. ಸ್ಪೇನಿನ ಒಟ್ಟು ಜನಸಂಖ್ಯೆಯೇ 5 ಕೋಟಿ ತುಂಬುವುದಿಲ್ಲ. ಹಲ್ಲಿನ ನಡುವೆ ನಾಲಿಗೆ ಇಟ್ಟು ಎರಡು ಸದ್ದನ್ನು ಬೇರೆ ಬೇರೆಯಾಗಿ ನುಡಿಯುವವರು ಆ ಸ್ಪೇನಿನ ಉತ್ತರ ಮತ್ತು ನಡುಭಾಗದವರು ಮುಖ್ಯವಾಗಿ. ಅಮೆರಿಕ ಖಂಡಕ್ಕೆ ಮೊದಲು ಹಡಗು ಹತ್ತಿ ಹೋದವರಲ್ಲಿ ಆಂಡಲೂಸಿಯಾದವರು ಬಹಳ. ಅವರ ‘ಸ’ವೇ ಮೆಕ್ಸಿಕೊದಿಂದ ಅರ್ಜೆಂಟೀನಾದವರೆಗೆ ಹರಡಿತು. ಹೀಗೆ ಹತ್ತರಲ್ಲಿ ಒಂಬತ್ತು ಜನ ಆಡುವುದು ತಪ್ಪು, ಉಳಿದೊಬ್ಬರದು ಸರಿ! ಆ ಹಲ್ಲಿನ ಸದ್ದಿಗೆ ಯಾವುದೋ ತೊದಲು ನಾಲಿಗೆಯ ರಾಜ ಕಾರಣ, ಅವನನ್ನು ಓಲೈಸಲು ಆಸ್ಥಾನವೆಲ್ಲ ತೊದಲಿತು ಎಂಬ ಕಥೆಯೊಂದನ್ನು ನೀವೂ ಕೇಳಿರಬಹುದು. ಅದು ಬರೀ ಕಟ್ಟುಕಥೆ. ಭಾಷೆ ತನ್ನ ಪಾಡಿಗೆ ತಾನು ಶತಮಾನಗಳಲ್ಲಿ ಹಾಗೆ ಬದಲಾಯಿತು.

ಇತಿಹಾಸ ಕಲಿಸುವವಳಾದ ನನಗೆ ತುಂಬ ಹಿಡಿಸಿದ್ದು ಇನ್ನೊಂದು ಸಂಗತಿ. 1492 ಎಂದರೆ ನಮ್ಮ ಮಕ್ಕಳು ಕೊಲಂಬಸ್ ಎಂದು ಕೂಗುತ್ತಾರೆ. ಅದೇ ವರ್ಷ ಆಂಟೋನಿಯೊ ದೆ ನೆಬ್ರಿಹಾ ಎಂಬ ಪಂಡಿತ ಸ್ಪ್ಯಾನಿಷ್‌ನ, ಅಂದರೆ ಕ್ಯಾಸ್ಟಿಲಿಯನ್ ಭಾಷೆಯ, ಮೊದಲ ವ್ಯಾಕರಣವನ್ನು ಅಚ್ಚು ಮಾಡಿಸಿ ರಾಣಿ ಇಸಾಬೆಲಾಳಿಗೆ ಅರ್ಪಿಸಿದ. ಆತ ಎಲ್ಲಿಯವನು? ಸೆವಿಲ್ ಹತ್ತಿರದ ಲೆಬ್ರಿಹಾದವನು, ಅಪ್ಪಟ ಆಂಡಲೂಸಿಯಾದವನು. ನಲವತ್ತೇ ವರ್ಷದಲ್ಲಿ ಹುವಾನ್ ದೆ ವಾಲ್ಡೆಸ್ ಎಂಬ ಇನ್ನೊಬ್ಬ ಪಂಡಿತ, ನೆಬ್ರಿಹಾನ ಮಾತನ್ನು ನೆಚ್ಚಲಾಗದು, ಅವನು ಆಂಡಲೂಸಿಯಾದವನು, ಅಲ್ಲಿಯ ಭಾಷೆ ಅಷ್ಟೇನೂ ಶುದ್ಧವಲ್ಲ ಎಂಬರ್ಥದಲ್ಲಿ ಬರೆದ. ಭಾಷೆಗೆ ಮೊದಲ ವ್ಯಾಕರಣ ಬರೆದುಕೊಟ್ಟವನಿಗೇ ಈ ಮರ್ಯಾದೆ! ಮುಂದೆ ನೊಬೆಲ್ ಬಹುಮಾನ ಪಡೆದ ಕವಿಗಳಾದ ಹುವಾನ್ ರಾಮೊನ್ ಹಿಮೆನೆಸ್ (1956) ಮತ್ತು ವಿಸೆಂತೆ ಅಲೆಕ್ಸಾಂದ್ರೆ (1977) ಇಬ್ಬರೂ ಆಂಡಲೂಸಿಯಾದಲ್ಲಿ ಹುಟ್ಟಿದವರು. 1936ರಲ್ಲಿ ಗುಂಡಿಗೆ ಬಲಿಯಾದ ಲೋರ್ಕಾ ಗ್ರನಾಡಾದ ಪಕ್ಕದ ಹಳ್ಳಿಯವನು. 1982ರಿಂದ 1996ರವರೆಗೆ ಪ್ರಧಾನಿಯಾಗಿದ್ದ ಫೆಲಿಪೆ ಗೊನ್ಸಾಲೆಸ್ ಸೆವಿಲ್‌ನವರು, ಆ ದನಿಯಲ್ಲೇ ಮಾತಾಡಿದವರು. ಆದರೂ ನಗು ನಿಲ್ಲಲಿಲ್ಲ. ದೊಡ್ಡವರ ಹೆಸರು ಹೇಳಿ ಗೆಲ್ಲುವ ವಾದ ಇದಲ್ಲವೆಂದು ಕಾಣುತ್ತದೆ.

ಏಕೆಂದರೆ ನಗು ಇರುವುದು ಸದ್ದಿನ ಮೇಲಲ್ಲ. ಆಂಡಲೂಸಿಯಾದ ಹೊಲಗಳು ಶತಮಾನಗಳಿಂದ ಕೆಲವೇ ದೊಡ್ಡ ಜಮೀನುದಾರರ ಕೈಯಲ್ಲಿದ್ದವು. ಉಳಿದವರು ದಿನಗೂಲಿಯವರು, ಆಲಿವ್ ಕೊಯ್ಲಿನ ಕಾಲದಲ್ಲಿ ಕೆಲಸ, ಮಿಕ್ಕ ಕಾಲ ಖಾಲಿ ಕೈ. 1950ರಿಂದ 70ರ ತನಕ ಅಲ್ಲಿಂದ ಲಕ್ಷ ಲಕ್ಷ ಜನ ಬಾರ್ಸಿಲೋನಾ, ಮ್ಯಾಡ್ರಿಡ್, ಬಾಸ್ಕ್ ನಾಡಿನ ಕಾರ್ಖಾನೆಗಳಿಗೆ, ಜರ್ಮನಿ ಸ್ವಿಟ್ಜರ್ಲೆಂಡುಗಳಿಗೆ ಗುಳೆ ಹೋದರು. ಗಂಡಸರು ಕಟ್ಟಡ ಕಟ್ಟಿದರು, ಹುಡುಗಿಯರು ಪರರ ಮನೆಯಲ್ಲಿ ಪಾತ್ರೆ ತೊಳೆದರು. ಮ್ಯಾಡ್ರಿಡ್‌ನ ಮನೆಯೊಡತಿಯ ಕಿವಿಗೆ ಆಂಡಲೂಸಿಯಾದ ಮಾತು ಬಂದದ್ದು ಅಡಿಗೆಮನೆಯ ಬಾಗಿಲಿನಿಂದ. ಆಮೇಲೆ ಸಿನಿಮಾದಲ್ಲಿ, ಟಿ.ವಿ. ಧಾರಾವಾಹಿಯಲ್ಲಿ ನಗಿಸುವ ಕೆಲಸದವಳು ಬಂದರೆ ಅವಳ ಬಾಯಲ್ಲಿ ಅದೇ ದನಿ ಇಟ್ಟರು. ನಾಯಕಿಗೆ ಮಾತ್ರ ಮ್ಯಾಡ್ರಿಡ್ ದನಿ. ಇದನ್ನು ಓದುವಾಗ ನನಗೆ ನಗು ಬರಲಿಲ್ಲ. ನಾವು ಉತ್ತರ ಕರ್ನಾಟಕದವರು, ನಮ್ಮ ದನಿ ಎಷ್ಟು ಸಿನಿಮಾಗಳಲ್ಲಿ ಯಾರ ಬಾಯಲ್ಲಿ ಬಂದಿದೆ ಎಂಬುದು ನಮಗೆ ಗೊತ್ತು. ನನ್ನ ತಂಗಿಯ ಮಗಳೂ ಬೆಂಗಳೂರಿನ ಹಾಸ್ಟೆಲಿನಲ್ಲಿ ಒಂದು ತಿಂಗಳಲ್ಲೇ ‘ಐತಿ’ ಬಿಟ್ಟು ‘ಇದೆ’ ಕಲಿತವಳೇ. ಆ ಮನೆಯ ಮುದುಕಿಯ ಕ್ಷಮಾಪಣೆ ಅವಳಿಗೆ ಅಷ್ಟು ಬೇಗ ಅರ್ಥವಾಗಿದ್ದು ಅದರಿಂದಲೇ ಇರಬೇಕು.

ಹಾಗಾದರೆ ನಗುವಿಗಿಂತ ನಿಷೇಧ ಕ್ರೂರವಲ್ಲವೇ ಎಂದು ನೀವು ಕೇಳಬಹುದು. ಸ್ಪೇನಿನಲ್ಲಿ ಅದೂ ನಡೆದಿದೆ. ಅಲ್ಲಿ ಒಂದೇ ಭಾಷೆಯ ಬೇರೆ ಬೇರೆ ದನಿಗಳು ಮಾತ್ರವಲ್ಲ, ಬೇರೆ ಭಾಷೆಗಳೇ ಇವೆ. ಈಶಾನ್ಯದಲ್ಲಿ ಕ್ಯಾಟಲನ್, ವಾಯವ್ಯದಲ್ಲಿ ಗ್ಯಾಲಿಶಿಯನ್, ಉತ್ತರದಲ್ಲಿ ಜಗತ್ತಿನ ಬೇರಾವ ಭಾಷೆಗೂ ನಂಟು ಹೇಳಲಾಗದ ಬಾಸ್ಕ್. 1939ರಿಂದ 1975ರವರೆಗಿನ ಫ್ರಾಂಕೊ ಸರ್ವಾಧಿಕಾರದಲ್ಲಿ ಇವು ಶಾಲೆಯಿಂದ, ಕಚೇರಿಯಿಂದ ಹೊರಗೆ ಬಿದ್ದವು. ತಾಯಿ ‘ಜೋರ್ಡಿ’ ಎಂದು ಕರೆದ ಮಗು ಜನನ ರಿಜಿಸ್ಟರಿನಲ್ಲಿ ‘ಹೋರ್ಹೆ’ ಆಗಬೇಕಿತ್ತು. ಬೀದಿಯಲ್ಲಿ ಕ್ಯಾಟಲನ್ ಆಡಿದವರಿಗೆ ‘ಕ್ರಿಶ್ಚಿಯನರ ಹಾಗೆ ಮಾತಾಡು’ ಎಂಬ ಗದರಿಕೆ. ಬಾಸ್ಕ್ ನಾಡಿನ ಶಾಲೆಗಳಲ್ಲಂತೂ ಫ್ರಾಂಕೊ ಬರುವ ಎಷ್ಟೋ ಮೊದಲಿನಿಂದ ಒಂದು ಉಂಗುರದ ಶಿಕ್ಷೆ ಇತ್ತು. ಬಾಸ್ಕ್ ಮಾತಾಡಿದ ಮಗುವಿಗೆ ಉಂಗುರ ಕೊಡುವುದು. ಆ ಮಗು ಇನ್ಯಾರಾದರೂ ಬಾಸ್ಕ್ ಆಡುವುದನ್ನು ಹಿಡಿದುಕೊಟ್ಟರೆ ಉಂಗುರ ಅವರಿಗೆ. ವಾರದ ಕೊನೆಗೆ ಯಾರ ಬಳಿ ಉಂಗುರ ಇದೆಯೋ ಅವರಿಗೆ ಪೆಟ್ಟು. ನಾನು ಮೂವತ್ತು ವರ್ಷದಿಂದ ಮಕ್ಕಳ ನಡುವೆ ಇದ್ದೇನೆ, ಇದಕ್ಕಿಂತ ಹೊಲಸು ಉಪಾಯವನ್ನು ಕೇಳಿಲ್ಲ. ಇಲ್ಲಿ ಮಗುವಿಗೆ ಕಲಿಸಿದ್ದು ಭಾಷೆಯನ್ನಲ್ಲ, ಗೆಳೆಯನನ್ನು ಹಿಡಿದುಕೊಡುವುದನ್ನು.

ಆದರೆ ನಿಷೇಧಕ್ಕೆ ಒಂದು ಗುಣವಿದೆ. ಅದು ಎದುರು ನಿಲ್ಲುವವರನ್ನೂ ಹುಟ್ಟಿಸುತ್ತದೆ. 1940ರ ದಶಕದಲ್ಲಿ, ಸರ್ವಾಧಿಕಾರ ಉಗ್ರವಾಗಿದ್ದಾಗಲೇ, ಸಾನ್ ಸೆಬಾಸ್ಟಿಯನ್ ಪಟ್ಟಣದಲ್ಲಿ ಎಲ್ವಿರಾ ಸಿಪಿಟ್ರಿಯಾ ಎಂಬ ಶಿಕ್ಷಕಿ ತನ್ನ ಮನೆಯೊಳಗೇ ಪುಟ್ಟ ಮಕ್ಕಳನ್ನು ಕೂರಿಸಿಕೊಂಡು ಬಾಸ್ಕ್‌ನಲ್ಲಿ ಪಾಠ ಹೇಳಿದಳು. ಬೋರ್ಡಿಲ್ಲ, ಗಂಟೆಯಿಲ್ಲ, ಹಾಜರಿ ಪುಸ್ತಕವಿಲ್ಲ. ಮುಂದೆ ಊರೂರಲ್ಲಿ ಎದ್ದ ಬಾಸ್ಕ್ ಶಾಲೆಗಳಿಗೆ ಆ ಮನೆಯೇ ಮಾದರಿ. ನಿಷೇಧ ಮಾಡುವವನ ಮುಖ ಕಾಣುತ್ತದೆ, ಹಾಗಾಗಿ ಅವನ ವಿರುದ್ಧ ಬಾಗಿಲು ಮುಚ್ಚಿಕೊಂಡಾದರೂ ಪಾಠ ಹೇಳಬಹುದು. ನಗುವವರ ವಿರುದ್ಧ ಏನು ಮಾಡುತ್ತೀರಿ? ಅವರ ಜೊತೆ ನೀವೂ ನಗುತ್ತೀರಿ. ಆಮೇಲೆ ಮನೆಗೆ ಬಂದು ಕನ್ನಡಿ ಎದುರು ‘ಸ್’ ಅಭ್ಯಾಸ ಮಾಡುತ್ತೀರಿ. ನಿಷೇಧದಲ್ಲಿ ಪೊಲೀಸು ಹೊರಗೆ ನಿಂತಿರುತ್ತಾನೆ, ನಗುವಿನಲ್ಲಿ ಅವನು ನಮ್ಮ ಗಂಟಲಲ್ಲೇ ಕೂರುತ್ತಾನೆ. ಗ್ಯಾಲಿಶಿಯಾದಲ್ಲಿ ಹೀಗೇ ಆಯಿತು. ಹೊಲ ದನಗಳ ಭಾಷೆ, ಪೇಟೆಗೆ ನಾಚಿಕೆ ಎಂದುಕೊಂಡು ಎಷ್ಟೋ ತಾಯಂದಿರು ತಾವಾಗಿಯೇ ಮಕ್ಕಳ ಜೊತೆ ಸ್ಪ್ಯಾನಿಷ್‌ಗೆ ತಿರುಗಿದರು. ಮನೆಯೊಳಗೆ ಬಂದು ಯಾರೂ ಆಜ್ಞೆ ಮಾಡಿರಲಿಲ್ಲ. ಆ ತಾಯಂದಿರನ್ನು ಬೈಯಲು ನನಗೆ ಬಾಯಿ ಬರುವುದಿಲ್ಲ. ಮಗು ನಾಳೆ ನಾಚಬಾರದೆಂದು ತಾನು ಇಂದು ನಾಚಿದವಳು ಅವಳು.

1978ರ ಸಂವಿಧಾನ ಬಂದ ಮೇಲೆ ಕಾಗದದ ಮೇಲೆ ಎಲ್ಲ ಸರಿಯಾಗಿದೆ. ಅದರ ಮೂರನೆಯ ವಿಧಿ ಕ್ಯಾಸ್ಟಿಲಿಯನ್ನನ್ನು ಇಡೀ ದೇಶದ ಭಾಷೆಯೆಂದೂ, ಮಿಕ್ಕವನ್ನು ಆಯಾ ಪ್ರಾಂತಗಳ ಅಧಿಕೃತ ಭಾಷೆಗಳೆಂದೂ ಹೇಳಿ, ಭಾಷೆಯ ಬೇರೆ ಬೇರೆ ರೂಪಗಳೆಲ್ಲ ಗೌರವಿಸಿ ಕಾಪಾಡಬೇಕಾದ ಸಂಪತ್ತು ಎಂದು ಸೇರಿಸಿದೆ. 2007ರ ಆಂಡಲೂಸಿಯಾದ ಸ್ವಾಯತ್ತ ಶಾಸನವೂ ತನ್ನ ಜನರ ಮಾತಿನ ಎಲ್ಲ ಬಗೆಗಳಿಗೂ ಮನ್ನಣೆ ತರುವುದು ತನ್ನ ಗುರಿ ಎನ್ನುತ್ತದೆ. ಅದಾಗಿ ಎರಡೇ ವರ್ಷಕ್ಕೆ, 2009ರ ಜನವರಿಯಲ್ಲಿ, ಕ್ಯಾಟಲೋನಿಯಾದ ಒಬ್ಬ ಶಾಸಕಿ ಆಂಡಲೂಸಿಯಾದವರಾದ ಕೇಂದ್ರ ಮಂತ್ರಿ ಮಗ್ದಲೇನಾ ಆಲ್ವಾರೆಸ್ ಅವರ ಮಾತಿನ ದನಿ ನಗೆಹನಿಯ ದನಿಯಂತಿದೆ ಎಂದುಬಿಟ್ಟರು. ದೊಡ್ಡ ಗದ್ದಲವಾಗಿ ಅವರ ಪಕ್ಷವೇ ಅವರ ಮೇಲೆ ಶಿಸ್ತಿನ ಕ್ರಮಕ್ಕೆ ಮುಂದಾಯಿತು. ಮಂತ್ರಿಯ ಕೆಲಸವನ್ನು ಟೀಕಿಸಬಹುದಿತ್ತು, ಟೀಕಿಸಲು ಕಾರಣಗಳೂ ಇದ್ದಿರಬಹುದು. ಆದರೆ ಕೈಗೆ ಮೊದಲು ಸಿಕ್ಕ ಕಲ್ಲು ಇದು. ತನ್ನ ನಾಡಿನ ಭಾಷೆಗೆ ಅಷ್ಟು ದಶಕ ಬೀಗ ಬಿದ್ದಿದ್ದನ್ನು ಕಂಡ ಊರಿನಿಂದಲೇ ಆ ಕಲ್ಲು ಬಂತಲ್ಲ ಎಂಬುದು ನನ್ನ ಸಂಕಟ. ನೋವು ಉಂಡವರಿಗೆ ಕರುಣೆ ತಾನಾಗಿ ಬರುತ್ತದೆಂದು ನಾವು ನಂಬಿದ್ದೇವೆ. ಅತ್ತೆಯಿಂದ ನೊಂದ ಸೊಸೆ ಮುಂದೆ ಎಂಥ ಅತ್ತೆಯಾಗುತ್ತಾಳೆಂದು ಕಂಡ ನಾವೇ ಇದನ್ನು ನಂಬುತ್ತೇವೆ, ಅದು ಇನ್ನೂ ಆಶ್ಚರ್ಯ.

ಆಂಡಲೂಸಿಯಾದವರೂ ಇದಕ್ಕೆ ಹೊರತಲ್ಲ. ಎಲ್ಲದಕ್ಕೂ ‘ಸ’ ಎನ್ನುವ ಸೆವಿಲ್ ನಗರದವರಿಗೆ, ಎಲ್ಲದಕ್ಕೂ ಹಲ್ಲಿನ ಸದ್ದು ಹಾಕುವ ಹಳ್ಳಿಯವರೆಂದರೆ ಒಂದು ಕೈ ಕಡಿಮೆ. ಹಳ್ಳಿಯ ಹುಡುಗರು ಕಾಲೇಜು ಮೆಟ್ಟಿಲು ಹತ್ತಿದ ಕೂಡಲೇ ಅದನ್ನು ಬಿಡಲು ನೋಡುತ್ತಾರೆ. ಬಾಸ್ಕ್ ನಾಡಿನಲ್ಲೂ ಹಾಗೇ. ಊರಿಗೊಂದು ಬಗೆಯಾಗಿದ್ದ ಭಾಷೆಗೆ 1968ರಲ್ಲಿ ಪಂಡಿತರು ಸೇರಿ ಒಂದು ಸಮಾನ ಬರಹದ ರೂಪ ಕೊಟ್ಟರು, ಅದಕ್ಕೆ ‘ಬತುವಾ’ ಎಂದು ಹೆಸರು. ಅದಿಲ್ಲದೆ ಪಠ್ಯಪುಸ್ತಕವಿಲ್ಲ, ಪತ್ರಿಕೆಯಿಲ್ಲ, ಟಿ.ವಿ.ಯಿಲ್ಲ, ಅದು ಬೇಕೇ ಬೇಕಿತ್ತು, ಆ ಭಾಷೆ ಇಂದು ಬದುಕಿರುವುದು ಅದರಿಂದ. ಆದರೆ ಆ ರೂಪಕ್ಕೆ ದೂರವಾದ ಬಗೆಯನ್ನು ಆಡುವ ಅಜ್ಜಿಯ ಮುಂದೆ ಶಾಲೆಗೆ ಹೋಗುವ ಮೊಮ್ಮಗು ‘ಸರಿಯಾದ’ ಬಾಸ್ಕ್ ಆಡಿದಾಗ, ಸರ್ವಾಧಿಕಾರಿಗೂ ಬಗ್ಗದ ಆ ಅಜ್ಜಿ ತನ್ನದು ಕೆಟ್ಟ ಬಾಸ್ಕ್ ಎಂದುಕೊಂಡು ಸುಮ್ಮನಾದರೆ ಅದಕ್ಕೆ ಯಾರನ್ನು ದೂರುವುದು?

ಇದೇ ಬಾರ್ಸಿಲೋನಾದ ಪಕ್ಕದ ಸಾಂತಾ ಕೊಲೋಮಾ ಎಂಬ ಊರಿನ ಕಥೆ ಮಾತ್ರ ನನಗೆ ಸಮಾಧಾನ ಕೊಡುತ್ತದೆ. ಅಲ್ಲಿದ್ದವರು ಹೆಚ್ಚಿನವರು ದಕ್ಷಿಣದಿಂದ ಗುಳೆ ಬಂದ ಕೂಲಿಗಳು. ಅಂಥವರನ್ನು ಕ್ಯಾಟಲನ್ನರು ‘ಚಾರ್ನೆಗೊ’ ಎಂದು ಹೀಯಾಳಿಸುತ್ತಿದ್ದರು. 1983ರಲ್ಲಿ ಅಲ್ಲಿಯ ತಂದೆತಾಯಿಗಳೇ ನಿಂತು, ನಮ್ಮ ಮಕ್ಕಳಿಗೆ ಕ್ಯಾಟಲನ್‌ನಲ್ಲೇ ಪಾಠ ಹೇಳಿ ಎಂದು ಹಟ ಹಿಡಿದು ಪಡೆದರು. ನೆಲದ ಭಾಷೆ ಬಾರದೆ ಮಕ್ಕಳು ತಮ್ಮ ಹಾಗೆ ಹೊರಗಿನವರಾಗಿ ಉಳಿಯಬಾರದೆಂಬ ಲೆಕ್ಕ ಅವರದು. ಮನೆಯಲ್ಲಿ ಮಾತ್ರ ಅವರು ತಮ್ಮ ದಕ್ಷಿಣದ ದನಿಯಲ್ಲೇ ಬೈದರು, ಮುದ್ದಿಸಿದರು. ಒಂದನ್ನು ಕಲಿಯಲು ಇನ್ನೊಂದಕ್ಕೆ ನಾಚಬೇಕಿಲ್ಲ ಎಂಬುದನ್ನು ಓದುಬರಹ ಕಡಿಮೆಯಿದ್ದ ಆ ಜನ ಮಾಡಿ ತೋರಿಸಿದರು.

ಈಗ ನನ್ನ ವೃತ್ತಿಯ ಪ್ರಶ್ನೆ. ಶಿಕ್ಷಕಿಯಾದವಳು ತಿದ್ದಬಾರದೇ? ತಿದ್ದಲೇಬೇಕು. ಗ್ರನಾಡಾದ ಶಾಲೆಯಲ್ಲಿ ಮಗು ಬಾಯಲ್ಲಿ ‘ಸ್’ ಬಿಟ್ಟರೂ ಬರೆಯುವಾಗ ಬಿಡುವಂತಿಲ್ಲ. ಸ್ಪೇನಿನಿಂದ ಚಿಲಿಯವರೆಗೆ ಎಲ್ಲರೂ ಬರೆಯುವ ಕಾಗುಣಿತ ಒಂದೇ, ಅದರಿಂದಲೇ ಒಬ್ಬರ ಪುಸ್ತಕ ಇನ್ನೊಬ್ಬರಿಗೆ ಸಿಗುತ್ತದೆ. 2017ರಲ್ಲಿ ಫ್ರೆಂಚ್‌ನ ಪ್ರಸಿದ್ಧ ‘ಪುಟ್ಟ ರಾಜಕುಮಾರ’ನನ್ನು ಆಂಡಲೂಸಿಯಾದ ಉಚ್ಚಾರದಂತೆಯೇ ಅಕ್ಷರ ಕೂಡಿಸಿ ಪ್ರಕಟಿಸಿದಾಗ ಕೆಲವರು ಹಿಗ್ಗಿದರು, ಅನೇಕರು ಮತ್ತದೇ ನಗು ನಕ್ಕರು. ನನಗೆ ಆ ಪುಸ್ತಕದ ಹಿಂದಿನ ಅಭಿಮಾನ ಮೆಚ್ಚುಗೆ, ಆದರೆ ಶಾಲೆಯಲ್ಲಿ ಅದನ್ನು ಕಲಿಸು ಎಂದರೆ ಒಪ್ಪಲಾರೆ. ಯಾರ ಉಚ್ಚಾರದಂತೆ ಬರೆಯುವುದು, ಸೆವಿಲ್‌ನವರದೋ, ಗ್ರನಾಡಾದವರದೋ? ಅಲ್ಲಿಗೆ ಮತ್ತೊಂದು ‘ಶುದ್ಧ’ ಹುಟ್ಟಿತು. ಕೈಯನ್ನು ತಿದ್ದಬೇಕು, ಬಾಯನ್ನು ಬಿಡಬೇಕು. ಆಂಡಲೂಸಿಯಾದ ಮಕ್ಕಳು ಹಾಗೆಯೇ ಬರೆದು, ಹೀಗೆಯೇ ಮಾತಾಡಿ, ಎರಡರ ನಡುವೆ ದಿನಕ್ಕೆ ನೂರು ಸಲ ಸೇತುವೆ ದಾಟುತ್ತಾರೆ. ಇವರಿಗೆ ವ್ಯಾಕರಣ ಬರುವುದಿಲ್ಲ ಎಂದು ನಗುವ ಮಗುವಿಗೆ ಆ ಕಷ್ಟವೇ ಇಲ್ಲ, ಅದು ಆಡಿದಂತೆ ಬರೆಯುತ್ತದೆ.

ಯೋಚಿಸುತ್ತಾ ಹೋದರೆ ನನಗೆ ತಪ್ಪು ಕಾಣುವುದು ಇಲ್ಲಿಯೇ. ಇಬ್ಬರು ಮಾತಾಡುವಾಗ ಅರ್ಥವಾಗಲು ಇಬ್ಬರೂ ಸ್ವಲ್ಪ ಶ್ರಮಪಡಬೇಕು, ಆಡುವವರು ಒಂದಿಷ್ಟು, ಕೇಳುವವರು ಒಂದಿಷ್ಟು. ನಗು ಎಂದರೆ, ನನ್ನ ಪಾಲಿನ ಶ್ರಮ ನಾನು ಮಾಡುವುದಿಲ್ಲ, ಎಲ್ಲವನ್ನೂ ನೀನೇ ಹೊರು ಎನ್ನುವುದು. ಗ್ರನಾಡಾದವಳು ಮ್ಯಾಡ್ರಿಡ್‌ನ ಮಾತನ್ನು ಟಿ.ವಿ.ಯಿಂದ ಕಲಿತೇ ಇರುತ್ತಾಳೆ. ಮ್ಯಾಡ್ರಿಡ್‌ನವನಿಗೆ ಗ್ರನಾಡಾದ ಅಗಲ ಬಾಯಿಯ ಬಹುವಚನ ಗೊತ್ತಿಲ್ಲ, ಗೊತ್ತಿಲ್ಲವೆಂಬುದೂ ಗೊತ್ತಿಲ್ಲ. ಹೆಚ್ಚು ತಿಳಿದವಳೇ ತಲೆ ತಗ್ಗಿಸುತ್ತಾಳೆ.

2023ರ ಸೆಪ್ಟೆಂಬರಿನಲ್ಲಿ ಸ್ಪೇನಿನ ಸಂಸತ್ತಿನ ಕೆಳಮನೆ ಮೊದಲ ಬಾರಿಗೆ ಕ್ಯಾಟಲನ್, ಬಾಸ್ಕ್, ಗ್ಯಾಲಿಶಿಯನ್ ಭಾಷಣಗಳಿಗೆ ಅನುಮತಿ ಕೊಟ್ಟಿತು. ತಿಳಿಯದವರ ಕಿವಿಗೆ ಅನುವಾದ ಕೇಳಿಸುವ ಯಂತ್ರ ಇಟ್ಟರು. ಒಂದು ಪಕ್ಷದವರು ಸಿಟ್ಟಿನಿಂದ ಎದ್ದು ಆ ಕಿವಿಯಂತ್ರಗಳನ್ನು ಪ್ರಧಾನಿಯ ಖಾಲಿ ಕುರ್ಚಿಯ ಮೇಲೆ ಇಟ್ಟು ಹೊರನಡೆದರು. ಎಲ್ಲರಿಗೂ ಸ್ಪ್ಯಾನಿಷ್ ಬರುವಾಗ ಇದು ದುಡ್ಡಿನ ದಂಡ ಎಂಬ ವಾದದಲ್ಲಿ ಹುರುಳಿಲ್ಲವೆನ್ನಲಾರೆ. ಆದರೂ ಆ ದಿನ ಒಂದು ಹೊಸ ಸಂಗತಿ ನಡೆಯಿತು. ಅಷ್ಟು ವರ್ಷ ಆಡುವವರ ನಾಲಿಗೆಯ ಮೇಲಿದ್ದ ಭಾರ ಮೊದಲ ಸಲ ಕೇಳುವವರ ಕಿವಿಗೆ ಬಂತು. ಆಂಡಲೂಸಿಯಾದ ದನಿಗೆ ಅಂಥ ಯಂತ್ರವೂ ಬೇಕಿಲ್ಲ. ಒಂದು ವಾರ ಸುಮ್ಮನೆ ಕೇಳಿದರೆ ಸಾಕು. ನಮ್ಮ ಹುಡುಗಿಗೇ ಮೂರು ವಾರದಲ್ಲಿ ಎಲ್ಲ ತಿಳಿಯತೊಡಗಿ, ಈಗ ಅವಳೇ ಅರ್ಧ ಅಕ್ಷರ ನುಂಗುತ್ತಾಳಂತೆ. ಬೆಂಗಳೂರಿನ ಅವಳ ಸ್ಪ್ಯಾನಿಷ್ ಟೀಚರ್ ಕೇಳಿದರೆ ಏನೆನ್ನುವರೋ!

ಮನೆಯೊಡತಿ ಮುದುಕಿಗೆ ಒಬ್ಬ ಮೊಮ್ಮಗಳಿದ್ದಾಳೆ. ಮ್ಯಾಡ್ರಿಡ್‌ನಲ್ಲಿ ಒಂದು ಕಂಪನಿಯಲ್ಲಿ ದಿನವಿಡೀ ಗಿರಾಕಿಗಳ ಜೊತೆ ಫೋನಿನಲ್ಲಿ ಮಾತಾಡುವ ಕೆಲಸ. ಅಲ್ಲಿ ಅವಳ ಒಂದು ‘ಸ್’ ಕೂಡ ಬೀಳುವುದಿಲ್ಲ. ಭಾನುವಾರ ಅಜ್ಜಿಗೆ ಫೋನ್ ಮಾಡಿದರೆ ಎಲ್ಲ ‘ಸ್’ಗಳೂ ಬಿದ್ದು, ಬಾಯಿ ಅಗಲವಾಗುತ್ತದೆ. ಮೊಮ್ಮಗಳು ಹೀಗೆ ಎರಡು ನಾಲಿಗೆ ಇಟ್ಟುಕೊಂಡದ್ದಕ್ಕೆ ನಿಮಗೆ ಬೇಸರವಿಲ್ಲವೇ ಎಂದು ನಮ್ಮ ಹುಡುಗಿ ಕೇಳಿದಳಂತೆ. ಮುದುಕಿ ತರಕಾರಿ ಹೆಚ್ಚುತ್ತಲೇ ಹೇಳಿದಳಂತೆ: ಬೇಸರ ಏಕೆ, ಅಲ್ಲಿ ಅವಳ ರೊಟ್ಟಿ ಇದೆ. ಆದರೆ ಒಂದು ದಿನ ಕಚೇರಿಯಿಂದಲೇ ಫೋನ್ ಮಾಡಿದಳು, ಅಕ್ಕಪಕ್ಕ ಜನ ಇದ್ದರೋ ಏನೋ, ಅವರ ಹಾಗೇ ಮಾತಾಡಿದಳು. ನಾನು ಯಾವುದೋ ಬ್ಯಾಂಕಿನವರು ಅಂದುಕೊಂಡು, ನನಗೇನೂ ಬೇಡಮ್ಮ ಎಂದು ಇಟ್ಟುಬಿಟ್ಟೆ.